ಎಂಟು ಉಳಿ, ನಲವತ್ತೈದು ಹುಡುಗರು: ಅಚ್ಚಿನ ಪಾಠಕ್ಕೆ ಯಾವ ಹಲಗೆ?

ಜೂನ್ ತಿಂಗಳು ಬಂತೆಂದರೆ ಸುತ್ತಲಿನ ಶಾಲೆಗಳ ಚಿತ್ರಕಲಾ ಶಿಕ್ಷಕರಿಂದ ಫೋನು ಶುರು. "ಸರ್, ಈ ವರ್ಷ ಹುಡುಗೂರ ಕಡೆ ಬ್ಲಾಕ್ ಪ್ರಿಂಟ್ ಮಾಡಸಬೇಕಂತೀನ್ರಿ. ಲಿನೊ ತರಸೂಣೋ, ಫೋಮ್ ನಡೀತದೋ, ಕಟ್ಟಿಗೀನ ಆಗಬೇಕೋ?" ಹಲಗೆಯ ಮೇಲೆ ಚಿತ್ರ ಕೆತ್ತಿ, ಬಣ್ಣ ಹಚ್ಚಿ ಕಾಗದಕ್ಕೆ ಒತ್ತುವುದು ಬ್ಲಾಕ್ ಪ್ರಿಂಟ್; ಲಿನೊ ಎಂದರೆ ಅದಕ್ಕೆ ಬಳಸುವ, ನೆಲಹಾಸಿನಂಥ ಮೆದು ಹಾಳೆ. ಅವರು ಮೊದಲು ಕೇಳುವುದು ದರ. ನಾನು ಮೊದಲು ಕೇಳುವುದು ಬೇರೆ: ಕ್ಲಾಸಿನಲ್ಲಿ ಎಷ್ಟು ಮಕ್ಕಳು? ಪೀರಿಯಡ್ ಎಷ್ಟು ನಿಮಿಷದ್ದು? ನಿಮ್ಮ ಜೊತೆ ಇನ್ನೊಬ್ಬ ದೊಡ್ಡವರು ನಿಲ್ಲುತ್ತಾರೋ ಇಲ್ಲವೋ?

ಬಾಗಲಕೋಟೆ ನವನಗರದಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿ 45 ಮಕ್ಕಳು. ಪೀರಿಯಡ್ 40 ನಿಮಿಷ. ನಾನೊಬ್ಬನೇ. ಹರಿತವಾದ ಉಳಿ ಎಷ್ಟು ಕೈಯಲ್ಲಿದೆಯೋ ಅಷ್ಟೂ ಕಡೆ ನನ್ನ ಕಣ್ಣಿರಬೇಕು, ಮತ್ತು ನನ್ನ ಎರಡು ಕಣ್ಣಿಗೆ ಎಂಟು ಉಳಿ ಗಡಿ. ಈ ಲೆಕ್ಕ ನನಗೆ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ.

ಹಿಂದೆ ಬೇರೆ ಊರಿನ ಶಾಲೆಯಲ್ಲಿದ್ದಾಗ ಹುರುಪಿನಲ್ಲಿ ಹನ್ನೆರಡು ಮಕ್ಕಳಿಗೆ ಒಮ್ಮೆಲೇ ಲಿನೊ ಕಟರ್ ಕೊಟ್ಟಿದ್ದೆ. ಡಿಸೆಂಬರಿನ ಬೆಳಗು, ಮೊದಲನೇ ಪೀರಿಯಡ್. ಒಬ್ಬ ಹುಡುಗ ಆನೆ ಕೆತ್ತುತ್ತಿದ್ದ. ಎಡಗೈಯಿಂದ ಲಿನೊ ಅದುಮಿ ಹಿಡಿದು, ಆ ಕೈಯ ದಿಕ್ಕಿಗೇ ಉಳಿ ನೂಕಿದ. ಚಳಿಗೆ ಲಿನೊ ಕಲ್ಲಿನಂತಾಗಿತ್ತು, ಬ್ಲೇಡು ಮೊಂಡಾಗಿತ್ತು. ಅದು ಕಚ್ಚದೆ ಮೇಲಿಂದ ಜಾರಿ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಮೂರು ಹೊಲಿಗೆ ಬಿದ್ದವು. ದವಾಖಾನೆಯಲ್ಲಿ ಕಣ್ಣೀರು ಒರಸಿಕೊಳ್ಳುತ್ತಲೇ ಅವನು ಕೇಳಿದ್ದು, "ಸರ್ರ, ನನ್ನ ಆನಿ ಕೆಟ್ಟಿತೇನ್ರಿ?" ಆ ಹೊತ್ತಿಗೆ ನಾನು ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಹನ್ನೆರಡನೆಯವಳ ಬಣ್ಣ ಹಚ್ಚುವ ರೋಲರ್ ಬಿಡಿಸುತ್ತಿದ್ದೆ.

ಹಾಗಾಗಿ ಮುಂದಿನ ಹೋಲಿಕೆಯಲ್ಲಿ ಹಣದ ಮಾತು ಕಡಿಮೆ, ನಿಮಿಷ ಮತ್ತು ಕಣ್ಣಿನ ಮಾತು ಹೆಚ್ಚು.

ಮೊದಲು, ಗೆರೆ ಎಳೆದಲ್ಲಿ ಬಿಳಿ

ಪೆನ್ಸಿಲ್ ಎಳೆದಲ್ಲಿ ಕಪ್ಪು ಮೂಡುವುದನ್ನೇ ಮಕ್ಕಳು ಒಂದನೆಯ ತರಗತಿಯಿಂದ ನೋಡಿರುತ್ತಾರೆ. ಅಚ್ಚಿನಲ್ಲಿ ಅದು ಉಲ್ಟಾ. ಕೆತ್ತಿದ್ದು ಬಿಳಿ ಉಳಿಯುತ್ತದೆ, ಬಿಟ್ಟದ್ದು ಬಣ್ಣ ಹಿಡಿಯುತ್ತದೆ. ಇದನ್ನು ಬಾಯಿಮಾತಿನಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹೇಳುವ ಅಗತ್ಯವೂ ಇಲ್ಲ. ಒಂದು ಇಲಕಲ್ ಸೀರೆ ತರಿಸಿ ಟೋಪ ತೆನಿ ಸೆರಗು ಹರವಿದರೆ ಆಯಿತು: ಕೆಂಪು ನೆಲ, ಅದರೊಳಗೆ ಜೋಳದ ತೆನೆಯಂತೆ, ಹಣಿಗೆಯ ಹಲ್ಲಿನಂತೆ ಬಿಳಿ. ಅದು ನೇಯ್ಗೆ, ಅಚ್ಚಲ್ಲ, ನಿಜ. ಆದರೆ "ಬಿಳಿ ಎಲ್ಲೈತಿ ಅಲ್ಲಿ ನಿಮ್ಮ ಉಳಿ ಹೋಗೇತಿ ಅಂತ ತಿಳೀರಿ" ಎಂದರೆ ಹಿಂದಿನ ಬೆಂಚಿನವರೂ ತಲೆಯಾಡಿಸುತ್ತಾರೆ.

ಇನ್ನೊಂದು ಉದಾಹರಣೆ ಶಾಸನದ ಪಡಿಯಚ್ಚು. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಂಥವನ್ನು ಓದಲು ವಿದ್ವಾಂಸರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಕುಟ್ಟಿ, ಅಕ್ಷರದ ತಗ್ಗಿನೊಳಗೆ ಕಾಗದ ಇಳಿದ ನಂತರ ಮೇಲಿನಿಂದ ಮಸಿ ತಟ್ಟುತ್ತಾರೆ. ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಏಳುತ್ತವೆ. ಮಕ್ಕಳನ್ನು ಬಾದಾಮಿಗೆ ಕರೆದೊಯ್ದು ಮಸಿ ಹಚ್ಚಿಸಬೇಡಿ ಮತ್ತೆ, ಅದು ಅಪರಾಧ. ಚಿತ್ರ ತೋರಿಸಿ ಸಾಕು. ನಂತರ ನಂದಲಾಲ್ ಬೋಸ್ 1930ರಲ್ಲಿ ಮಾಡಿದ ದಂಡಿಯಾತ್ರೆಯ ಗಾಂಧಿ ತೋರಿಸಿ. ಅದು ಲಿನೊ. ಕಪ್ಪು ನೆಲ, ಕೆಲವೇ ಬಿಳಿ ಗೆರೆ, ಕೋಲು ಹಿಡಿದ ಮುದುಕ ನಡೆದೇಬಿಟ್ಟ. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದಿದ್ದವರು ಇವರೇ ಎಂದರೆ ಮಕ್ಕಳು ಇನ್ನಷ್ಟು ಹೊತ್ತು ನೋಡುತ್ತಾರೆ.

ಯಾವ ಹಲಗೆ ಆರಿಸಿದರೂ ನನ್ನ ಮೊದಲ ಪರೀಕ್ಷೆ ಇದು: ಆ ಬಿಳಿ ಗೆರೆಯನ್ನು ಮಗು ಮೊದಲ ಪೀರಿಯಡ್‌ನೊಳಗೆ ತನ್ನ ಕೈಯಾರೆ ನೋಡುತ್ತದೋ ಇಲ್ಲವೋ.

ಫೋಮ್: ಉಳಿಯಿಲ್ಲದ ಅಚ್ಚು

ಸ್ಟೇಷನರಿ ಅಂಗಡಿಯಲ್ಲಿ ಕ್ರಾಫ್ಟ್‌ಗೆಂದು ಸಿಗುವ ಬಣ್ಣಬಣ್ಣದ ಫೋಮ್ ಶೀಟ್ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂದೆ. 2 ಮಿಲಿಮೀಟರ್ ದಪ್ಪದ್ದು ಸಾಕು. ಅಂಗೈಯಗಲ ಕತ್ತರಿಸಿ, ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿ, ಮೊಂಡಾದ ಪೆನ್ಸಿಲ್ಲಿನಿಂದ ಒತ್ತಿ ಬರೆಸಿ. ಚೂಪು ಪೆನ್ಸಿಲ್ ಕೊಟ್ಟರೆ ಹರಿಯುತ್ತದೆ. ಬರೆದ ಗೆರೆ ತಗ್ಗಾಗಿ ಕೂರುತ್ತದೆ, ಮೇಲೆ ಬಣ್ಣದ ರೋಲರ್ ಓಡಿಸಿ ಕಾಗದ ಒತ್ತಿದರೆ ಗೆರೆ ಬಿಳಿ. ಹತ್ತು ನಿಮಿಷ ಚಿತ್ರ, ಹತ್ತು ನಿಮಿಷ ಒತ್ತುವುದು, ಇಪ್ಪತ್ತೈದನೆಯ ನಿಮಿಷಕ್ಕೆ ಮೊದಲ ಅಚ್ಚು ಕೈಯಲ್ಲಿ. ಹರಿತದ ವಸ್ತು ಒಂದೂ ಇಲ್ಲ, ಹಾಗಾಗಿ 45 ಮಕ್ಕಳೂ ಒಟ್ಟಿಗೆ ಕೂರಬಹುದು. ನಾನು ಕಿಟಕಿಯ ಬಳಿ ನಿಂತು ಚಹಾ ಕುಡಿಯಬಹುದು ಎಂದೇ ಹೇಳಬೇಕು, ಬಣ್ಣ ಹಂಚುವ ತನಕ.

ಇದರ ದೋಷ ಎರಡು. ಹತ್ತು ಹದಿನೈದು ಅಚ್ಚಾದ ಮೇಲೆ ಸಣ್ಣ ಗೆರೆಗಳೊಳಗೆ ಬಣ್ಣ ತುಂಬಿ ಚಿತ್ರ ಮಂಕಾಗುತ್ತದೆ. ಮತ್ತು ಅಗಲವಾಗಿ ಬಿಳಿ ಬಿಡಬೇಕೆಂದರೆ ಒತ್ತಿ ಆಗುವುದಿಲ್ಲ, ಕತ್ತರಿಯಿಂದ ಆ ಭಾಗ ಕತ್ತರಿಸಿ ತೆಗೆಯಬೇಕು. ಇದನ್ನು ದೋಷ ಎಂದೆ, ಆದರೆ ಗೋಲಗುಂಬಜದಂಥ ಹೊರಆಕಾರಕ್ಕೆ ಇದೇ ಒಳ್ಳೆಯದು: ಗುಮ್ಮಟ, ನಾಲ್ಕು ಮೂಲೆಯ ಮಿನಾರು ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಅಚ್ಚು ಸಿದ್ಧ.

ಮೊದಲು ಇದಕ್ಕೆ ಥರ್ಮಾಕೋಲ್ ತಟ್ಟೆ ಬಳಸುತ್ತಿದ್ದೆವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಾದ ಮೇಲೆ ಅದು ಹೋಯಿತು. ಮಿಕ್ಸರ್, ಟಿವಿ ಡಬ್ಬಿಯೊಳಗಿನ ಥರ್ಮಾಕೋಲ್ ಅದರ ಬದಲಿಯಲ್ಲ. ಪೆನ್ಸಿಲ್ ತಾಗಿದರೆ ಕಾಳುಕಾಳಾಗಿ ಉದುರಿ ಕೋಣೆ ತುಂಬಾ ಹಾರಾಡುತ್ತದೆ, ಸಿಪಾಯಿಗೆ ಉತ್ತರ ಹೇಳಬೇಕಾದವರು ನೀವೇ.

ಐದರಿಂದ ಏಳನೆಯವರೆಗಿನ ಮಕ್ಕಳಿಗೆ ಫೋಮ್ ಬಿಟ್ಟು ಬೇರೆ ಯೋಚನೆ ಬೇಡ. ಎಂಟು ಒಂಬತ್ತಕ್ಕೂ ಮೊದಲ ಪೀರಿಯಡ್ ಇದರಲ್ಲೇ ಮಾಡಿಸಿ.

ಬಟಾಟಿ, ಬೆಂಡಿಕಾಯಿ, ಖೋಡರಬ್ಬರ್

ಬಟಾಟಿ ಅಚ್ಚು ಎಲ್ಲರಿಗೂ ಗೊತ್ತು. ಒಂದು ದಿನದ ಆಟಕ್ಕೆ ಸರಿ, ಮಾರನೆಯ ದಿನಕ್ಕೆ ಸುಕ್ಕುಗಟ್ಟುತ್ತದೆ, ಮೂರನೆಯ ದಿನ ನಾರುತ್ತದೆ. ಬೆಂಡೆಕಾಯಿ ಅಡ್ಡ ಕೊಯ್ದರೆ ಮೂಡುವ ಐದು ದಳದ ಹೂವಿಗೆ ಸಣ್ಣ ಮಕ್ಕಳು ಕುಣಿಯುತ್ತಾರೆ, ಆದರೆ ಆ ಹೂವು ಬೆಂಡೆಕಾಯಿಯದು, ಮಗುವಿನದಲ್ಲ. ಬಿಸಿಯೂಟದ ಅಡುಗೆಯವರು ತರಕಾರಿ ಕೇಳಿದಾಗಲೆಲ್ಲ ಮುಖ ಗಂಟು ಹಾಕುವುದು ನ್ಯಾಯವೇ ಇದೆ.

ಪೆನ್ಸಿಲ್ ಅಳಿಸುವ ಖೋಡರಬ್ಬರ್ ಮಾತ್ರ ಬೇರೆ ವಿಷಯ. ಎರಡು ಬೆರಳಗಲ, ಬೆಣ್ಣೆಯಂತೆ ಕೊಯ್ಯುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಇದರಲ್ಲಿ ಚಿತ್ರ ಮಾಡಿಸಬೇಡಿ, ಒಂದು ಗುರುತು ಮಾಡಿಸಿ ಅದನ್ನು ಸಾಲಾಗಿ ಒತ್ತಿಸಿ. ಕಸೂತಿಯ ತುಳಸಿಕಟ್ಟೆ, ಗೋಪುರ, ತೇರು ಎಲ್ಲ ಮೊದಲೇ ಎಳೆ ಎಣಿಸಿ ಮಾಡಿದ ನೇರ ಗೆರೆಯ ಆಕಾರಗಳು. ಚೌಕುಳಿ ಕಾಗದದ ಮೇಲೆ ಬಿಡಿಸಿ ರಬ್ಬರಿಗೆ ಇಳಿಸಿದರೆ ಉಳಿಗೆ ತಿರುವೇ ಬರುವುದಿಲ್ಲ. ನಮ್ಮಲ್ಲಿ ಒಬ್ಬ ಹುಡುಗಿ ತುಳಸಿಕಟ್ಟೆಯನ್ನು ಮೇಲೊಂದು ಕೆಳಗೊಂದು ತಿರುಗಿಸಿ ಒತ್ತುತ್ತಾ ಹೋದಳು. ಹದಿನಾರನೆಯ ಸಲಕ್ಕೆ ನಡುವಿನ ಖಾಲಿ ಜಾಗದಲ್ಲಿ ತಾನು ಕೆತ್ತದೇ ಇದ್ದ ನಕ್ಷತ್ರ ಕಂಡು ಒತ್ತುವುದನ್ನೇ ನಿಲ್ಲಿಸಿ ಕೂತಳು. ದೊಡ್ಡ ಅಳತೆಯ ಮೃದು ರಬ್ಬರ್ ಹಲಗೆಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಕೆತ್ತಲು ಸೊಗಸು. 45 ಮಕ್ಕಳಿಗೆ ತರಿಸುವ ಮಾತೆತ್ತಿದರೆ ಮುಖ್ಯೋಪಾಧ್ಯಾಯರು ನಗುತ್ತಾರೆ. ಹರಿದ ಹವಾಯಿ ಚಪ್ಪಲಿಯ ಅಟ್ಟೆ ಅದರ ಬಡ ತಮ್ಮ. ತೊಳೆದು, ಒಣಗಿಸಿ, ಮೇಲ್ಮೈಯ ಗೀರು ಸವೆಸಿ ಬಳಸಿ. ಸಣ್ಣ ಗೆರೆ ಬಾರದು, ದೊಡ್ಡ ಆಕಾರಕ್ಕೆ ಅಡ್ಡಿಯಿಲ್ಲ.

ಲಿನೊ: ನನ್ನ ಪಕ್ಷಪಾತ

ಎಂಟು, ಒಂಬತ್ತನೆಯ ತರಗತಿಗೆ ನಾನು ಲಿನೊ ಕಡೆಗೇ ವಾಲುವವನು. ಫೋಮ್‌ನಲ್ಲಿ ಕೈಗೆ ವಿರೋಧವೇ ಇಲ್ಲ. ಕಟ್ಟಿಗೆಯಲ್ಲಿ ಎಳೆ ಹೇಳಿದಂತೆ ಕೈ ಕೇಳಬೇಕು. ಲಿನೊಗೆ ಎಳೆಯಿಲ್ಲ, ಎಡಕ್ಕೆ, ಬಲಕ್ಕೆ, ದುಂಡಗೆ ಒಂದೇ ಹದದಲ್ಲಿ ಕೊಯ್ಯುತ್ತದೆ, ಆದರೂ ಉಳಿಗೆ ಒಂದಿಷ್ಟು ತಡೆ ಕೊಡುತ್ತದೆ. ಆ ತಡೆಯಿಂದಲೇ ಮಗುವಿನ ಗೆರೆಗೆ ನಿಧಾನ ಬರುತ್ತದೆ.

ಇದು ಮೂಲದಲ್ಲಿ ನೆಲಕ್ಕೆ ಹಾಸುವ ವಸ್ತು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಅಗಸೆ ಎಣ್ಣೆಯನ್ನು ಗಾಳಿಗೆ ಗಟ್ಟಿಯಾಗಿಸಿ, ಬೂಚಿನ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡಿದ್ದು. ಅಗಸೆ! ಹೊಸ ಲಿನೊ ತುಂಡನ್ನು ಬಿಸಿಲಿಗಿಟ್ಟ ದಿನ ಒಬ್ಬಳು ಮೂಸಿ, "ಸರ್ರ, ನಮ್ಮವ್ವನ ಅಗಸಿ ಹಿಂಡಿ ಡಬ್ಬಿ ವಾಸನಿ ಬರ್ತೈತ್ರಿ" ಅಂದಳು. ನಾನು ಅದುವರೆಗೆ ಗಮನಿಸಿರಲಿಲ್ಲ.

ಆ ವಾಸನೆ ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ. ಫ್ಲೋರಿಂಗ್ ಅಂಗಡಿಯಲ್ಲಿ ಲಿನೊಲಿಯಂ ಕೇಳಿದರೆ ಸುತ್ತಿಟ್ಟ ವಿನೈಲ್ ಹಾಸು ಕೊಡುತ್ತಾರೆ. ಅದು ಪ್ಲಾಸ್ಟಿಕ್, ಉಳಿಗೆ ರಬ್ಬರಿನಂತೆ ಎಳೆದುಕೊಳ್ಳುತ್ತದೆ, ಅಂಚು ಸ್ವಚ್ಛ ಬರುವುದಿಲ್ಲ. ಹಿಂಬದಿ ತಿರುಗಿಸಿ ನೋಡಿ, ಸೆಣಬಿನ ನೇಯ್ಗೆ ಕಂಡರೆ ನಿಜವಾದ ಲಿನೊ. ನಮ್ಮಲ್ಲಿ ಅಂಗಡಿಯಲ್ಲಿ ಕೈಗೆ ಸಿಗುವುದು ಅಪರೂಪ, ಆನ್‌ಲೈನಿನಲ್ಲೋ ದೊಡ್ಡ ಊರಿನ ಕಲಾಸಾಮಗ್ರಿ ಅಂಗಡಿಯಿಂದಲೋ ತರಿಸಬೇಕು. ವರ್ಷಗಟ್ಟಲೆ ಕೂಡಿಡಬೇಡಿ, ಹಳತಾದಷ್ಟೂ ಒಣಗಿ ಬಿರುಕು ಬಿಡುತ್ತದೆ.

ಇನ್ನು ಆ ಆನೆಯ ಹುಡುಗನ ಮೂರು ಹೊಲಿಗೆಗೆ ಮೂರು ಉತ್ತರ. ಒಂದು, ಕೆತ್ತುವ ಮುಂಚೆ ಲಿನೊ ಬೆಚ್ಚಗಿರಬೇಕು. ಬೇರೆ ದೇಶಗಳಲ್ಲಿ ಇದಕ್ಕೆ ಇಸ್ತ್ರಿಪೆಟ್ಟಿಗೆ ಹಚ್ಚುತ್ತಾರೆ. ನಮಗೆ ಶಾಲೆಯ ಕಟ್ಟೆ ಇದೆ, ಬಾಗಲಕೋಟೆಯ ಬಿಸಿಲಿದೆ, ಹತ್ತು ನಿಮಿಷ ಸಾಕು. ಎರಡು, ಮೊಂಡು ಉಳಿ ಹರಿತ ಉಳಿಗಿಂತ ಅಪಾಯ, ಏಕೆಂದರೆ ಅದನ್ನು ನೂಕಬೇಕಾಗುತ್ತದೆ. ಹಳೆಯ ಚರ್ಮದ ಬೆಲ್ಟಿಗೆ ಲೋಹ ಹೊಳೆಸುವ ಪಾಲಿಶ್ ಸವರಿ, ಪ್ರತಿ ಪೀರಿಯಡ್‌ಗೆ ಮುಂಚೆ ಬ್ಲೇಡನ್ನು ಅದರ ಮೇಲೆ ಹಿಂದಕ್ಕೆ ಎಳೆದು ಮಸೆಯುತ್ತೇನೆ. ಮೂರು, ತಡೆಹಲಗೆ. ಸ್ಲೇಟಿನಗಲದ ಪ್ಲೈವುಡ್ ತುಂಡು, ಹತ್ತಿರದ ಅಂಚಿನ ಕೆಳಗೊಂದು ಪಟ್ಟಿ, ದೂರದ ಅಂಚಿನ ಮೇಲೊಂದು ಪಟ್ಟಿ. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನದಕ್ಕೆ ಲಿನೊ ಆತುಕೊಳ್ಳುತ್ತದೆ, ಎಡಗೈ ಮುಂದೆ ಹೋಗುವ ಕೆಲಸವೇ ಇಲ್ಲ. ಬಡಿಗೇರರು ಚೂರು ಪ್ಲೈನಲ್ಲೇ ಎಂಟು ಮಾಡಿಕೊಟ್ಟರು, ಮಜೂರಿ ಮಾತ್ರ ತೆಗೆದುಕೊಂಡರು. ಲಿನೊಗೆ ದುಡ್ಡಿಲ್ಲದ ವರ್ಷವೂ ಇವನ್ನು ಮೊದಲು ಮಾಡಿಸಿಡಿ.

ಈಗ ಗಡಿಯಾರ. 10 × 10 ಸೆಂಟಿಮೀಟರ್ ಲಿನೊ ಕೆತ್ತಲು ನನ್ನ ಮಕ್ಕಳಿಗೆ ಎರಡು ಪೀರಿಯಡ್ ಹಿಡಿಯುತ್ತದೆ. ಎಂಟೆಂಟರಂತೆ 45 ಮಕ್ಕಳೆಂದರೆ ಆರು ಗುಂಪು, ಆರೆರಡಲ ಹನ್ನೆರಡು ಪೀರಿಯಡ್. ವಾರಕ್ಕೆರಡು ಸಿಕ್ಕರೆ ಆರು ವಾರ. ಆಗಸ್ಟ್‌ನಲ್ಲಿ ಶುರು ಮಾಡಿದರೆ ದಸರಾ ರಜೆಗೆ ಮುಂಚೆ ಮುಗಿಯುತ್ತದೆ. ಎಂಟು ಮಂದಿ ನನ್ನ ಮೇಜಿನ ಸುತ್ತ ಕೆತ್ತುವಾಗ ಉಳಿದವರು ಚಿತ್ರ ಬಿಡಿಸುವುದು, ಕಾಗದ ಕತ್ತರಿಸುವುದು, ಫೋಮ್ ಅಚ್ಚು ಮಾಡುವುದು. ಒಮ್ಮೆ ದೊಡ್ಡದಾಗಿ ಬರಲೆಂದು ಹಲಗೆಯ ಅಳತೆ ದುಪ್ಪಟ್ಟು ಮಾಡಿದ್ದೆ. ನವೆಂಬರ್ ಮುಗಿದರೂ ಕೊನೆಯ ಗುಂಪಿಗೆ ಉಳಿ ಸಿಕ್ಕಿರಲಿಲ್ಲ. ಚಿಕ್ಕ ಹಲಗೆಯೇ ಇರಲಿ.

ಸನ್‌ಬೋರ್ಡ್: ಫ್ಲೆಕ್ಸ್ ಅಂಗಡಿಯ ಉಡುಗೊರೆ

ಲಿನೊ ಸಿಗದ ಊರಿನವರಿಗೆ ಇದನ್ನು ಹೇಳಲೇಬೇಕು. ಬ್ಯಾನರ್, ಬೋರ್ಡ್ ಮಾಡುವ ಅಂಗಡಿಗಳಲ್ಲಿ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಾಳೆಯ ಚೂರುಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಶಾಲೆಗೆ ಅಂದರೆ ಚೀಲ ತುಂಬಿ ಕೊಡುತ್ತಾರೆ. ಲಿನೊ ಕಟರ್‌ಗೆ ಚೆನ್ನಾಗಿ ಬಗ್ಗುತ್ತದೆ, ಎಳೆಯಿಲ್ಲ, ಬೆಳ್ಳಗಿರುವುದರಿಂದ ಪೆನ್ಸಿಲ್ ಗೆರೆ ಸ್ಪಷ್ಟ ಕಾಣುತ್ತದೆ. ಬಾಲ್‌ಪೆನ್ ಗಟ್ಟಿಯಾಗಿ ಒತ್ತಿದರೂ ಸಣ್ಣ ಗೆರೆ ಮೂಡುತ್ತದೆ. ಒಳಗಿನ ಸಣ್ಣ ತೂತುಗಳಿಂದ ಕೆತ್ತಿದ ಅಂಚು ಲಿನೊದಷ್ಟು ನಯವಾಗದು, ಅಷ್ಟೇ ಕೊರತೆ. ಹಾಂ, ಲಿನೊ ಅಭ್ಯಾಸದ ಮೇಲೆ ಇದನ್ನೂ ಕಟ್ಟೆಯ ಬಿಸಿಲಿಗೆ ಇಟ್ಟೀರಿ! ನಾನಿಟ್ಟಿದ್ದೆ, ಹಪ್ಪಳದಂತೆ ಸೊಟ್ಟಗಾಯಿತು. ಕೆತ್ತಿದ ಚೂರು ಪ್ಲಾಸ್ಟಿಕ್ಕೇ ಆದ್ದರಿಂದ ಗುಡಿಸಿ ಡಬ್ಬಿಗೆ ಹಾಕಿಸಿ, ಒಲೆಗೆ ಹಾಕಲು ಬಿಡಬೇಡಿ. ಉಳಿ ಬೇಕಾಗುವುದರಿಂದ ಎಂಟರ ಗಡಿ ಇದಕ್ಕೂ ಇದೆ.

ಕಟ್ಟಿಗೆ

ಕಟ್ಟಿಗೆಯೇ "ನಿಜವಾದ" ಬ್ಲಾಕ್ ಎಂಬ ಗೌರವ ನಮ್ಮಲ್ಲಿ ಬಹಳ. ಗೌರವಕ್ಕೆ ಅದು ಅರ್ಹವೇ. ಎಳೆಯ ಉದ್ದಕ್ಕೆ ಉಳಿ ಸಲೀಸು ಓಡುತ್ತದೆ, ಅಡ್ಡಕ್ಕೆ ಹೋದರೆ ಕಿತ್ತುಕೊಂಡು ಬರುತ್ತದೆ, ಹಾಗೆ ಕಿತ್ತು ಬಂದ ಮೂಗನ್ನು ಯಾವ ಫೆವಿಕಾಲೂ ಮೊದಲಿನಂತೆ ಕೂರಿಸದು. ಅಗ್ಗದ ಪ್ಲೈವುಡ್‌ನಲ್ಲಿ ಮೇಲಿನ ಪದರ ಸಿಬಿರೇಳುತ್ತದೆ. ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ ಎಳೆಯಿಲ್ಲ, ಬಡಿಗೇರರ ಬಳಿ ಚೂರು ಸಿಗುತ್ತದೆ, ಆದರೆ ಉಳಿಯನ್ನು ಬೇಗ ಮೊಂಡು ಮಾಡುತ್ತದೆ, ನೀರಿನ ಬಣ್ಣ ತಾಗಿದರೆ ಉಬ್ಬುತ್ತದೆ. ಮೊದಲೇ ಒಂದು ಕೋಟ್ ವಾರ್ನಿಶ್ ಕೊಟ್ಟು ಎಣ್ಣೆ ಬಣ್ಣವನ್ನೇ ಬಳಸಬೇಕು. ಉಜ್ಜುಕಾಗದ ಹಚ್ಚಿದಾಗ ಏಳುವ ಅದರ ಧೂಳು ಒಳ್ಳೆಯದಲ್ಲ, ಆ ಕೆಲಸ ಮಕ್ಕಳಿಂದ ಬೇಡ.

ನಾನು ಕಟ್ಟಿಗೆ ಕೊಡುವುದು ಲಿನೊ ಒಂದಾದರೂ ಮುಗಿಸಿ, ಇನ್ನೂ ಬೇಕು ಎಂದು ತಾವಾಗಿ ಕೇಳುವ ನಾಲ್ಕೈದು ಮಕ್ಕಳಿಗೆ, ಶನಿವಾರ ಶಾಲೆ ಬಿಟ್ಟ ಮೇಲೆ. ಹಾಗೆ ಬರುವವರಲ್ಲಿ ಬಡಿಗೇರರ ಮನೆಯ ಹುಡುಗನೊಬ್ಬ ಇದ್ದೇ ಇರುತ್ತಾನೆ, ಉಳಿ ಮಸೆಯುವುದನ್ನು ನನಗಿಂತ ಚೆನ್ನಾಗಿ ಬಲ್ಲವನು. ಅವನ ಕೈಗೇ ಬೆಲ್ಟ್ ಕೊಟ್ಟುಬಿಡಿ.

ಕೆತ್ತಿದ ರೆಡಿಮೇಡ್ ಬ್ಲಾಕ್ ತರಿಸುವ ಶಾಲೆಗಳೂ ಇವೆ. ರಾಜಸ್ಥಾನದ ಬಗರು, ಸಾಂಗಾನೇರ್ ಕಡೆಯ ಬಟ್ಟೆ ಮುದ್ರಕರು ಬಳಸುವಂಥ, ತೇಗ, ಬೀಟೆ ಜಾತಿಯ ಮರದಲ್ಲಿ ಕೆತ್ತಿದವು. ಕೈಕುಶಲತೆ ನೋಡಲು ಒಂದೆರಡು ಇರಲಿ. ಕರ್ಚೀಫಿಗೆ ಅಚ್ಚೊತ್ತಿಸಿ ಪ್ರದರ್ಶನಕ್ಕಿಟ್ಟರೆ ಪಾಲಕರು ಖುಷಿಪಡುತ್ತಾರೆ ಕೂಡ. ಅದು ಮೊಹರು ಒತ್ತುವ ಪಾಠ. ಕೆತ್ತಿದವನು ಬ್ಲಾಕ್ ಕೆತ್ತುವವರ ಊರಾದ ಗುಜರಾತಿನ ಪೇಠಾಪುರದಲ್ಲಿ ಕೂತಿದ್ದಾನೆ.

ಹಲಗೆಯಲ್ಲಿ ಉಳಿಸಿ, ಬಣ್ಣಕ್ಕೆ ಹಾಕಿ

ನನ್ನನ್ನು ಕೇಳಿದರೆ ಹಲಗೆಗಿಂತ ಬಣ್ಣವೇ ಹೆಚ್ಚು ಪಾಠಗಳನ್ನು ಕೆಡಿಸಿದೆ. ಒಳ್ಳೆಯ ಲಿನೊ ಮೇಲೆ ಕೆಟ್ಟ ಬಣ್ಣ ಹಚ್ಚಿದರೆ ಬರುವುದು ಕಲೆ. ಸನ್‌ಬೋರ್ಡ್ ಚೂರಿನ ಮೇಲೆ ಒಳ್ಳೆಯ ಬಣ್ಣ, ಒಳ್ಳೆಯ ರೋಲರ್ ಓಡಿದರೆ ಬರುವುದು ಅಚ್ಚು.

ಪೋಸ್ಟರ್ ಕಲರ್ ಎಲ್ಲ ಶಾಲೆಯಲ್ಲೂ ಇರುತ್ತದೆ, ತೊಳೆಯುವುದು ಸುಲಭ. ಆದರೆ ನಮ್ಮ ಹವೆಗೆ ಅದು ಸೋಲುತ್ತದೆ. ಒಂದು ಮಾರ್ಚ್‌ನಲ್ಲಿ ಹಲಗೆಗೆ ಬಣ್ಣ ಹಚ್ಚಿ ಕಾಗದ ಎತ್ತಿಕೊಳ್ಳುವಷ್ಟರಲ್ಲಿ ಒಣಗಿ ಕೂತಿತ್ತು. ಮಕ್ಕಳು ಕಾಗದ ಎಳೆದರೆ ಬರಿಯ ಬಿಳಿ ಹಾಳೆ. ಗ್ಲಿಸರಿನ್ ನಾಲ್ಕು ಹನಿ ಬೆರೆಸಿದರೆ ಒಣಗುವುದು ತಡವಾಗುತ್ತದೆ. ನೀರು ಬೆರೆಸಬೇಡಿ, ಕೆತ್ತಿದ ಗೆರೆಯೊಳಗೆ ಹರಿದು ಹೋಗುತ್ತದೆ. ಫ್ಯಾನ್ ಬಂದ್ ಮಾಡಿಸಿ, ಶಾಪ ಹಾಕಿದರೂ ಚಿಂತೆಯಿಲ್ಲ. ಫೋಮ್ ಪಾಠಕ್ಕೆ ಇಷ್ಟು ಸಾಕು. ಅಚ್ಚಿನ ಕೆಲಸಕ್ಕೆಂದೇ ಮಾಡಿದ ನೀರಿನ ಬಣ್ಣದ ಟ್ಯೂಬುಗಳು ಇದಕ್ಕಿಂತ ಮೇಲು, ತರಿಸಲು ಆದರೆ ತರಿಸಿ.

ಲಿನೊಗೆ ನಾನು ಬಳಸುವುದು ಆಫ್‌ಸೆಟ್ ಮುದ್ರಣದ ಕಪ್ಪು ಶಾಯಿ. ಮದುವೆ ಪತ್ರಿಕೆ ಹಾಕುವ ಪ್ರೆಸ್ಸಿನಲ್ಲಿ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಕೇಳಿದರೆ ಇಲ್ಲವೆನ್ನುವುದಿಲ್ಲ, ಮತ್ತು ಒಂದು ಚಮಚ ಶಾಯಿ ಇಡೀ ತರಗತಿಗೆ ಹರಡುತ್ತದೆ. ಹಳೆಯ ಕಿಟಕಿ ಗಾಜು ಅಥವಾ ಒಂದು ನುಣುಪು ಟೈಲ್ಸ್ ಮೇಲೆ ಅಷ್ಟು ಹಾಕಿ ರೋಲರ್ ಓಡಿಸಿ. ಮೊದಲು ಪಚಪಚ ಎನ್ನುತ್ತದೆ, ಆಗ ಹಲಗೆಗೆ ಹಚ್ಚಿದರೆ ಸಣ್ಣ ಗೆರೆಯೆಲ್ಲ ಮುಳುಗಿತು. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ ಓಡಿಸುತ್ತಾ ಹೋದಂತೆ ಸದ್ದು ತೆಳುವಾಗಿ ಸರಸರ ಎಂದಾಗುತ್ತದೆ, ತಗಡಿನ ಮೇಲೆ ತುಂತುರು ಬಿದ್ದ ಹಾಗೆ. ಶಾಯಿಯ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಕಾಣುತ್ತಿದ್ದುದು ಮಕಮಲ್ಲಿನಂತೆ ಕಾಣುತ್ತದೆ. ಅದೇ ಹದ. ನಾನು ಮಕ್ಕಳಿಗೆ ಕಣ್ಣು ಮುಚ್ಚಿಸಿ ಈ ಸದ್ದು ಕೇಳಿಸುತ್ತೇನೆ. ಎರಡನೆಯ ವಾರಕ್ಕೆ "ಸರ್ರ, ಇನ್ನಾ ಪಚಪಚ ಅಂತೈತ್ರಿ" ಎಂದು ಅವರೇ ನಿಲ್ಲಿಸುತ್ತಾರೆ.

ಈ ಶಾಯಿ ನೀರಿಗೆ ಬಿಡದು. ಸೀಮೆಎಣ್ಣೆ, ಥಿನ್ನರ್ ಮಕ್ಕಳ ಕೋಣೆಗೆ ಬೇಡವೇ ಬೇಡ. ಕರಿದು ಉಳಿದ ಅಡುಗೆ ಎಣ್ಣೆ ಬಟ್ಟೆಗೆ ತಾಗಿಸಿ ಒರೆಸಿ, ಆಮೇಲೆ ಬಟ್ಟೆ ಸೋಪು. ಹಾಗೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆಯಂಥ ಒಣಗುವ ಎಣ್ಣೆ ಗಾಳಿಯೊಂದಿಗೆ ಕೂಡಿ ಒಣಗುವಾಗ ತಾನೇ ಕಾವು ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಕಾವು ಹೊರಹೋಗದೆ ಬೆಂಕಿ ಹತ್ತಿದ್ದೂ ಉಂಟು. ಹರವಿ ಒಣಗಿಸಿ ಆಮೇಲೆ ಎಸೆಯಿರಿ. ಅಚ್ಚುಗಳೂ ಒಣಗಲು ಎರಡು ಮೂರು ದಿನ ಬೇಕು, ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ. ಯೂನಿಫಾರ್ಮಿಗೆ ತಾಗಿದ ಕಪ್ಪು ಹೋಗುವುದಿಲ್ಲ, ಅಪ್ಪನ ಹಳೆಯ ಅಂಗಿ ತರಲು ಹಿಂದಿನ ದಿನವೇ ಹೇಳಿ.

ರೋಲರ್ ಮಾತ್ರ ಒಳ್ಳೆಯದೇ ಇರಲಿ, ರಬ್ಬರಿನದು. ಗೋಡೆಗೆ ಸುಣ್ಣ ಬಳಿಯುವ ಸ್ಪಂಜಿನ ರೋಲರ್ ಬಣ್ಣವನ್ನೆಲ್ಲ ಕುಡಿದು ಗೆರೆಯೊಳಗೆ ಕಕ್ಕುತ್ತದೆ. ಇಡೀ ತರಗತಿಗೆ ಎರಡು ಸಾಕು, ಕಪ್ಪಿಗೊಂದು, ಬಣ್ಣಕ್ಕೊಂದು.

ಪ್ರೆಸ್ ಬೇಕಿಲ್ಲ. ಕಾಗದದ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ, ಒಂದು ಮೂಲೆ ಎತ್ತಿ ಇಣುಕಿ, ಮಂಕಿದ್ದಲ್ಲಿ ಮತ್ತೆ ಉಜ್ಜಿ. ಡ್ರಾಯಿಂಗ್ ಶೀಟ್ ಇದಕ್ಕೆ ದಪ್ಪವಾಯಿತು. ಝೆರಾಕ್ಸ್ ಕಾಗದ ಸರಿ, ಗಾಳಿಪಟದ ಕಾಗದ ಇನ್ನೂ ಸರಿ. ಪುಸ್ತಕಕ್ಕೆ ಹಾಕುವ ಖಾಕಿ ಕವರಿನ ಮೇಲೆ ಕಪ್ಪು ಅಚ್ಚು ಬಾದಾಮಿಯ ಕಲ್ಲಿನಂತೆ ಕಾಣುತ್ತದೆ, ಒಮ್ಮೆ ಮಾಡಿ ನೋಡಿ.

ತಿರುವುಮುರುವು

ಯಾವ ಹಲಗೆಯಾದರೂ ಅಚ್ಚು ಕನ್ನಡಿಯಂತೆ ತಿರುಗಿ ಬರುತ್ತದೆ. ಆನೆ ಎಡಕ್ಕೆ ಹೋಗಲಿ ಬಲಕ್ಕೆ ಹೋಗಲಿ ಯಾರೂ ಕೇಳುವುದಿಲ್ಲ, ಹೆಸರು ಕೆತ್ತಿದಾಗ ಫಜೀತಿ. ಇಂಗ್ಲಿಷಿನವರಿಗೆ ನಾಲ್ಕಾರು ಅಕ್ಷರ ತಿರುಗಿಸಿದರೂ ಹಾಗೇ ಇರುತ್ತವೆ. ನಮ್ಮವಕ್ಕೆ ತಲೆಕಟ್ಟಿನ ಬಾಲ, ದೀರ್ಘ, ಒತ್ತು ಎಲ್ಲ ಬಲಕ್ಕೇ. ಕನ್ನಡಿಯೊಳಗಿನ "ಲಕ್ಷ್ಮೀ" ಕೆತ್ತುವುದು ದೊಡ್ಡವರಿಗೂ ಕಷ್ಟ. ಉಪಾಯ ಸುಲಭ: ಮೃದು ಪೆನ್ಸಿಲ್ಲಿನಿಂದ ಕಾಗದದ ಮೇಲೆ ಸರಿಯಾಗಿಯೇ ಬರೆಸಿ, ಆ ಕಾಗದವನ್ನು ಮುಖ ಕೆಳಗಾಗಿ ಹಲಗೆಯ ಮೇಲಿಟ್ಟು ಬೆನ್ನನ್ನು ಚಮಚದಿಂದ ಉಜ್ಜಿಸಿ. ಪೆನ್ಸಿಲ್ ಪುಡಿ ಹಲಗೆಗೆ ಉಲ್ಟಾ ಇಳಿಯುತ್ತದೆ, ಅಚ್ಚಿನಲ್ಲಿ ಸರಿಯಾಗುತ್ತದೆ. ಕಡುಬಣ್ಣದ ಲಿನೊ ಮೇಲೆ ಪೆನ್ಸಿಲ್ ಕಾಣದಿದ್ದರೆ ಮೊದಲು ಬಿಳಿ ಪೋಸ್ಟರ್ ಕಲರ್ ತೆಳುವಾಗಿ ಬಳಿದು ಒಣಗಿಸಿ.

ಇಷ್ಟು ಹೇಳಿಕೊಟ್ಟರೂ ಉಳಿ ಹಿಡಿಯುವ ಹೊತ್ತಿಗೆ ಮಕ್ಕಳಿಗೆ ಅನುಮಾನ ಬರುತ್ತದೆ, ಉಲ್ಟಾ ಕಂಡ ಅಕ್ಷರವನ್ನು "ತಿದ್ದಿ" ಕೆತ್ತಿಬಿಡುತ್ತಾರೆ. ಅದಕ್ಕೇ ಕ್ಷೌರದಂಗಡಿಯೊಂದು ಹೊಸ ಕನ್ನಡಿ ಹಾಕಿಸಿದಾಗ ಅವರ ಹಳೆಯದನ್ನು ತಂದು ಚಿತ್ರಕಲಾ ಕೋಣೆಯ ಗೋಡೆಗೆ ತೂಗುಹಾಕಿದ್ದೇನೆ. ಕೆತ್ತುವ ಮುಂಚೆ ಪ್ರತಿಯೊಬ್ಬರೂ ಹಲಗೆಯನ್ನು ಅದರ ಮುಂದೆ ಹಿಡಿದು ನೋಡಬೇಕು, ಕನ್ನಡಿಯಲ್ಲಿ ಓದಲು ಬಂದರೆ ಅಚ್ಚಿನಲ್ಲೂ ಬರುತ್ತದೆ. ಹಲಗೆ ನೋಡುವವರಿಗಿಂತ ಕೂದಲು ತೀಡಿಕೊಳ್ಳುವವರೇ ಹೆಚ್ಚು. ಅದಕ್ಕೆಂದು ಪ್ರತಿ ಗುಂಪಿಗೂ ಐದು ನಿಮಿಷ ಬೇರೆ ತೆಗೆದಿಟ್ಟಿದ್ದೇನೆ.